ತಟ್ಟಲು ಬಾರದವರ ಜೋಳದ ರೊಟ್ಟಿ

ಮಾನ್ಯ ಸಂಪಾದಕರೇ,

2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಗದ್ದಲದಲ್ಲಿ ಜೋಳ ತಿನ್ನಿ ಎಂದವರು ಬಹಳ, ರೊಟ್ಟಿ ಮಾಡುವುದನ್ನು ಹೇಳಿಕೊಟ್ಟವರು ಕಡಿಮೆ. ನಲವತ್ತು ದಾಟಿದ ಮೇಲೆ ಹಿಟ್ಟಿಗೆ ಕೈ ಹಾಕುವವರಿಗೆ ಸಿಗುವ ಉತ್ತರ ಒಂದೇ: ‘ಸಣ್ಣವರಿದ್ದಾಗಿನಿಂದ ರೊಟ್ಟಿ ಬಡಿದು ರೂಢಿಯಾಗಿರಬೇಕು.’ ಬಡಿಯಲು ರೂಢಿ ಬೇಕು, ಒಪ್ಪೋಣ. ಲಟ್ಟಣಿಗೆ ಹಿಡಿದರೆ ಯಾರ ಮಾನವೂ ಹೋಗುವುದಿಲ್ಲ. ಎಸರು, ಅಂದರೆ ಹಿಟ್ಟು ಹಾಕುವ ಕುದಿನೀರು, ಸರಿಯಾಗಿದ್ದರೆ ಸಾಕು.

ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಜಿಗುಟು ಪ್ರೋಟೀನ್ ಜೋಳದಲ್ಲಿಲ್ಲ. ತಣ್ಣೀರು ಹಾಕಿ ಎಷ್ಟು ನಾದಿದರೂ ಹಿಟ್ಟು ಬಿರಿಯುತ್ತದೆ. ಕುದಿನೀರು ಬಿದ್ದಾಗ ಪಿಷ್ಟ ಬೆಂದು ಅಂಟಾಗುತ್ತದೆ, ಹಿಟ್ಟನ್ನು ಹಿಡಿದಿಡುವುದು ಆ ಅಂಟೇ. ಹೊಸಬರು ಕೆಡಿಸಿಕೊಳ್ಳುವುದೂ ಇಲ್ಲೇ, ತಳದಲ್ಲಿ ನಾಲ್ಕು ಗುಳ್ಳೆ ಕಂಡ ಕೂಡಲೇ ನೀರು ಇಳಿಸಿಬಿಡುತ್ತಾರೆ.

ಒಂದು ಲೋಟ ನೀರು, ಚಿಟಿಕೆ ಉಪ್ಪು, ಕೊತಕೊತ ಕುದಿಯಲಿ. ಅದೇ ಅಳತೆಯ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಅರ್ಧ ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಒಲೆ ಆರಿಸಿ, ಸೌಟಿನ ಹಿಡಿಯಿಂದ ತಿರುವಿ, ಹತ್ತು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ, ಕೈ ಒದ್ದೆ ಮಾಡಿಕೊಳ್ಳುತ್ತ ಅಂಗೈ ಬುಡದಿಂದ ಐದು ನಿಮಿಷ ನಾದಿ. ಐದು ಉಂಡೆ ಆಗುತ್ತವೆ. ಒಂದನ್ನು ಒತ್ತಿ ನೋಡಿ: ಅಂಚು ಒಡೆದರೆ ಇನ್ನೊಂದು ಚಮಚ ನೀರು ಬೇಕು, ಬೆರಳಿಗೆ ಮೆತ್ತಿದರೆ ಚೂರು ಹಿಟ್ಟು. ಲಟ್ಟಿಸುವ ಮುಂಚೆ ಪ್ರತಿ ಉಂಡೆಯನ್ನೂ ಮತ್ತೊಮ್ಮೆ ನಾದಲೇಬೇಕು. ಉಳಿದವು ಒದ್ದೆ ಬಟ್ಟೆಯಡಿ ಇರಲಿ.

ಮಣೆಗೆ ಧಾರಾಳವಾಗಿ ಒಣಹಿಟ್ಟು ಉದುರಿಸಿ. ಲಟ್ಟಣಿಗೆಯ ಭಾರ ಅಂಚಿನ ಮೇಲಿರಲಿ, ನಡುವೆ ಒತ್ತಿದರೆ ಎತ್ತುವಾಗ ಅಲ್ಲೇ ಹರಿಯುತ್ತದೆ. ಮೊದಲ ವಾರ ಅಂಗೈಯಗಲ ಸಾಕು. ದುಂಡಗಾಗಲಿಲ್ಲವೆಂದು ಕೊರಗಬೇಡಿ.

ಹಂಚು ಚೆನ್ನಾಗಿ ಕಾದಿರಬೇಕು. ಒಣಹಿಟ್ಟು ಹತ್ತಿದ ಬದಿ ಮೇಲಿರುವಂತೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ಇಲ್ಲಿ ಕಣ್ಣು ತೆಗೆಯುವ ಹಾಗಿಲ್ಲ. ನೀರಿನ ಹೊಳಪು ಮಾಯವಾಗಿ ಪಸೆ ಮಾತ್ರ ಉಳಿದಾಗ ಮಗುಚಬೇಕು. ಬೇಗ ಮಗುಚಿದರೆ ಹಂಚಿಗೆ ಹಿಡಿಯುತ್ತದೆ, ಪೂರ್ತಿ ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ. ಎರಡನೇ ಬದಿಯಲ್ಲಿ ಕಂದು ಚುಕ್ಕೆ ಬಂದ ಮೇಲೆ ಮತ್ತೆ ಮಗುಚಿ, ಬಟ್ಟೆಯ ಉಂಡೆಯಿಂದ ಅಂಚು ಒತ್ತಿದರೆ ಉಬ್ಬುತ್ತದೆ. ಉಬ್ಬದಿದ್ದರೆ ಎಲ್ಲೋ ಸಣ್ಣ ಬಿರುಕಿನಿಂದ ಹಬೆ ಹೊರಹೋಗುತ್ತಿದೆ, ಅಥವಾ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿದೆ. ಉಬ್ಬದ ರೊಟ್ಟಿಯೂ ಎಣಗಾಯಿ ಜೊತೆ ಹೊಟ್ಟೆಗೆ ಹೋಗುತ್ತದೆ.

ಎಲ್ಲ ಸರಿ ಮಾಡಿಯೂ ಬಿರಿಯುತ್ತಿದ್ದರೆ ತಪ್ಪು ಕೈಯದಲ್ಲ, ಹಿಟ್ಟಿನದು. ಬೀಸಿ ತಿಂಗಳುಗಟ್ಟಲೆ ಇಟ್ಟ ಹಿಟ್ಟಿಗೆ ಜಿಗಿ ಇರುವುದಿಲ್ಲ. ಜೋಳದ ಕೊಬ್ಬಿನಂಶ ಕೆಟ್ಟು ಕಹಿಯೂ ಬರುತ್ತದೆ. ಹಿಂಗಾರಿನಲ್ಲಿ ಬೆಳೆಯುವ ಮಾಲದಂಡಿ ತಳಿಯ ಜೋಳ ತಂದು, ಎರಡು ವಾರಕ್ಕೆ ಬೇಕಾದಷ್ಟನ್ನೇ ಗಿರಣಿಯಲ್ಲಿ ನುಣ್ಣಗೆ ಬೀಸಿಸುವುದು ಒಳ್ಳೆಯದು. ಆದರೆ ಊರು ಬಿಟ್ಟು ಬಂದವರಿಗೆ ಗಿರಣಿ ಎಲ್ಲಿ ಸಿಗಬೇಕು? ಪೊಟ್ಟಣದ ಹಿಟ್ಟು ಮಾರುವವರು ಪ್ಯಾಕ್ ಮಾಡಿದ ದಿನದ ಪಕ್ಕದಲ್ಲೇ ಬೀಸಿದ ದಿನವನ್ನೂ ಜೋಳದ ತಳಿಯನ್ನೂ ಅಚ್ಚು ಹಾಕಲಿ.

– ಓದುಗರೊಬ್ಬರು, ವಿಜಯಪುರ