ಸಿಲ್ವರ್ ಓಕ್ ಹಲಗೆಗಳ ವಿಚಾರವಾಗಿ ಅಣ್ಣಯ್ಯನಿಗೆ

ಬ್ರಿಸ್ಬೇನ್,
ಮಾರ್ಚ್ ತಿಂಗಳು, ಭಾನುವಾರ

ತೀರ್ಥರೂಪ ಸಮಾನರಾದ ಅಣ್ಣಯ್ಯನವರಿಗೆ ನಿಮ್ಮ ತಮ್ಮನು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ಮೂಡಿಗೆರೆಯ ಕಡೆ ಹೂಮಳೆ ಸಕಾಲಕ್ಕೆ ಬಿದ್ದಿತೆಂದು ಓದಿ ಸಂತೋಷವಾಯಿತು. ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳಿದ್ದವು. ಮೇಲಿನ ತೋಟದ ಸಿಲ್ವರ್ ಓಕ್ ಮರಗಳನ್ನು ಪ್ಲೈವುಡ್ಡಿನವರಿಗೆ ಕೊಡುವ ಮಾತುಕತೆ ನಡೆದಿದೆ ಎಂಬುದು ಒಂದು. ಪುಟ್ಟಿ ತನಗೊಂದು ಸ್ಕ್ರಾಲ್ ಸಾ, ಅಂದರೆ ತೆಳು ಹಲಗೆಯಲ್ಲಿ ಕುಸುರಿ ಕೊಯ್ಯುವ ಗರಗಸದ ಯಂತ್ರ, ಕೊಡಿಸಲೇಬೇಕೆಂದು ಹಟ ಹಿಡಿದಿದ್ದಾಳೆ ಎಂಬುದು ಇನ್ನೊಂದು. ನೀವು ಇವನ್ನು ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಮಾತ್ರ ಇವೆರಡೂ ಒಂದೇ ವ್ಯವಹಾರವೆಂದು ತೋರುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ. ಪುಟ್ಟಿಗೂ ಓದಲು ಕೊಡಿ.

ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಮ್ಮ ತೋಟದಲ್ಲಿ ನಿಂತಿರುವ ಸಿಲ್ವರ್ ಓಕಿನ ತವರು ನಾನೀಗ ಇರುವ ಈ ಸೀಮೆಯೇ. ಕ್ವೀನ್ಸ್‌ಲೆಂಡಿನ ದಕ್ಷಿಣ ಭಾಗದಲ್ಲಿ ಮತ್ತು ನ್ಯೂ ಸೌತ್ ವೇಲ್ಸಿನ ಉತ್ತರ ಕರಾವಳಿಯಲ್ಲಿ ಅದು ಸಹಜವಾಗಿ ಬೆಳೆಯುತ್ತದೆ. 19ನೆಯ ಶತಮಾನದಲ್ಲಿ ಚಹಾ ಮತ್ತು ಕಾಫಿ ತೋಟಗಳ ನೆರಳಿಗೆಂದು ಅದನ್ನು ನಮ್ಮ ದೇಶಕ್ಕೆ ತಂದರು. ನಮ್ಮಲ್ಲಿ ಅದನ್ನು ಒಳ್ಳೆಯ ನಾಟಾ ಎಂದು ಯಾರೂ ಎಣಿಸುವುದಿಲ್ಲ. ಬಾಗಿಲಿಗೆ ತೇಗ ಬೇಕು, ಮಂಚಕ್ಕೆ ಬೀಟೆ ಅಥವಾ ಹಲಸು ಬೇಕು, ಸಿಲ್ವರ್ ಓಕ್ ಮಾತ್ರ ಪೆಟ್ಟಿಗೆಗೆ, ಪ್ಲೈವುಡ್ಡಿಗೆ, ಕೊನೆಗೆ ಒಲೆಗೆ. ಇಲ್ಲಿಯಾದರೋ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಊಟದ ಮೇಜು, ಬೀರು, ಕಿಟಕಿಯ ಚೌಕಟ್ಟುಗಳನ್ನು ಇದೇ ಮರದಿಂದ ಮಾಡುತ್ತಿದ್ದರು, ಅಂತಹ ಹಳೆಯ ಮೇಜೊಂದು ಮಾರಾಟಕ್ಕೆ ಬಂದರೆ ಈಗಲೂ ಜನ ಆಸೆಯಿಂದ ಕೊಳ್ಳುತ್ತಾರೆ.

ಈ ವ್ಯತ್ಯಾಸಕ್ಕೆ ಮರ ಕಾರಣವಲ್ಲ, ಅದನ್ನು ಕೊಯ್ಯುವ ಬಗೆ ಕಾರಣ. ಸಿಲ್ವರ್ ಓಕಿನಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ಕಿರಣದಂತಹ ಪಟ್ಟಿಗಳು ಬಹಳ ಅಗಲವಾಗಿರುತ್ತವೆ. ದಿಮ್ಮಿಯನ್ನು ಉದ್ದುದ್ದಕ್ಕೆ ನಾಲ್ಕು ಪಾಲು ಸೀಳಿ, ಹಲಗೆಯ ಮುಖವು ತಿರುಳಿನಿಂದ ತೊಗಟೆಯ ಕಡೆಗೇ ಬರುವಂತೆ ಕೊಯ್ದರೆ ಆ ಪಟ್ಟಿಗಳು ಮುಖದ ಮೇಲೆ ಹೊಳೆಯುವ ಚುಕ್ಕೆಗಳಾಗಿ ಹರಡಿಕೊಂಡು ಮರ ಬೆಳಕಿಗೆ ಮಿನುಗುತ್ತದೆ. ಪ್ಲೈವುಡ್ ಕಾರ್ಖಾನೆಯಲ್ಲಿ ದಿಮ್ಮಿಯನ್ನು ತಿರುಗಿಸುತ್ತ ಸುರುಳಿಯಾಗಿ ಸುಲಿಯುವುದರಿಂದ ಈ ಚೆಲುವು ಅಷ್ಟಾಗಿ ಕಾಣುವುದೇ ಇಲ್ಲ. ಅದಕ್ಕಾಗಿಯೇ ನನ್ನ ಬೇಡಿಕೆ: ವ್ಯಾಪಾರಿಯು ಮರ ಕಡಿಸುವ ದಿನ ಸುತ್ತಳತೆ ಹೆಚ್ಚಿರುವ ಒಂದೆರಡು ಬುಡದ ದಿಮ್ಮಿಗಳನ್ನು ಲೆಕ್ಕದಿಂದ ತೆಗೆದಿರಿಸಿ. ಸಣ್ಣ ದಿಮ್ಮಿ ಬೇಡ. ಈ ರೀತಿ ಕೊಯ್ದಾಗ ಹಲಗೆಯ ಅಗಲ ದಿಮ್ಮಿಯ ಅರ್ಧ ಅಡ್ಡಳತೆಗಿಂತ ಕಡಿಮೆಯೇ ಸಿಗುತ್ತದೆ. ಸಾಮಿಲ್ಲಿನವರು ನಾಟಾ ವ್ಯರ್ಥವಾಗುತ್ತದೆಂದು ಗೊಣಗುತ್ತಾರೆ; ಗೊಣಗಲಿ, ಅವರ ಮಾತು ಲೆಕ್ಕದಲ್ಲಿ ಸರಿಯೇ, ಆದರೆ ಹಲಗೆ ನಮ್ಮದು.

ಇನ್ನು ಪುಟ್ಟಿಯ ಯಂತ್ರದ ಮಾತು. ನಾನು ಶನಿವಾರ ಹೋಗುವ ಜಾಗ ಇಲ್ಲಿಯವರು ಮೆನ್ಸ್ ಶೆಡ್ ಎಂದು ಕರೆಯುವ ಬಗೆಯದು. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಆರಂಭವಾದ ಪದ್ಧತಿ. ಕೆಲಸದಿಂದ ನಿವೃತ್ತರಾದವರು ಒಂದು ದೊಡ್ಡ ಕೊಟ್ಟಿಗೆಯಲ್ಲಿ ಸೇರಿ, ಎಲ್ಲರ ಹಣದಿಂದ ಕೊಂಡ ಉಪಕರಣಗಳನ್ನು ಬಳಸಿ ತಮಗೆ ಬೇಕಾದುದನ್ನು ಮಾಡುತ್ತಾರೆ. ಸ್ಕ್ರಾಲ್ ಸಾ ಹಿಡಿದವರದು ಅಲ್ಲಿ ಒಂದು ಪ್ರತ್ಯೇಕ ಮೂಲೆ. ಚಹಾದ ಹೊತ್ತಿಗೆ ಆ ವಾರ ಮುಗಿಸಿದ್ದನ್ನು ಮೇಜಿನ ಮೇಲೆ ಇಡುತ್ತಾರೆ. ಯಾವ ಮರ, ಯಾವ ನಂಬರಿನ ಬ್ಲೇಡು, ಎಲ್ಲಿ ತೊಡಕಾಯಿತು ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ, ನಕ್ಷೆಯ ಪ್ರತಿ ತೆಗೆದು ಕೊಡುತ್ತಾರೆ. ಮೇಜಿನ ಮೇಲೆ ಬರುವುದರಲ್ಲಿ ಅರ್ಧಕ್ಕರ್ಧ ನಾಯಿ, ಕಾಂಗರೂ ಮತ್ತು ಮೊಮ್ಮಕ್ಕಳ ಹೆಸರಿನ ಫಲಕಗಳೇ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕೊಯ್ತದ ಅಂಚನ್ನು ನೋಡಿದರೆ ಆ ನಾಯಿಯ ಕಿವಿಯಲ್ಲೂ ಕಲಿಯುವುದು ಬಹಳ ಇರುತ್ತದೆ. ಇಂಗ್ಲೆಂಡಿನಿಂದ ಬಂದು ನೆಲೆಸಿದ ಹಿರಿಯರೊಬ್ಬರ ಬಳಿ ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಹಳೆಯ ಯಂತ್ರವೇ ಇದೆ. ನಾರ್ಫೋಕಿನ ಡೆರೆಹಮ್ ಎಂಬ ಊರಿನಲ್ಲಿದ್ದ ಹಾಬೀಸ್ ಎಂಬ ಕಂಪನಿ ಅಂತಹ ಯಂತ್ರಗಳನ್ನು ಮಾರುತ್ತ, ಈ ಕೆಲಸದ ನಕ್ಷೆಗಳನ್ನು ಕೊಡುವ ಒಂದು ವಾರಪತ್ರಿಕೆಯನ್ನೂ 1895ರಲ್ಲಿ ಆರಂಭಿಸಿತ್ತು.

ಯಂತ್ರವೆಂದರೆ ಬಹಳವೇನೂ ಇಲ್ಲ. ಎರಡು ತೋಳುಗಳ ನಡುವೆ ಐದು ಅಂಗುಲ ಉದ್ದದ ಸಣ್ಣ ಬ್ಲೇಡೊಂದು ಬಿಗಿಯಾಗಿ ನಿಂತು ಮೇಲೆ ಕೆಳಗೆ ಓಡುತ್ತದೆ. ವೇಗವನ್ನು ನಿಮಿಷಕ್ಕೆ ಸುಮಾರು 400ರಿಂದ 1,600 ಬಾರಿಯವರೆಗೆ ಹೆಚ್ಚು ಕಡಿಮೆ ಮಾಡಬಹುದು. ಗರಗಸ ನಿಂತಲ್ಲೇ ಇರುತ್ತದೆ, ತಿರುಗುವುದು ಹಲಗೆ. ಬ್ಲೇಡಿನ ಮೇಲ್ತುದಿಯನ್ನು ಬಿಚ್ಚಿ, ಬೈರಿಗೆಯಿಂದ ಕೊರೆದ ರಂಧ್ರದೊಳಗೆ ತೂರಿಸಿ ಮತ್ತೆ ಬಿಗಿದರೆ ಹಲಗೆಯ ಅಂಚನ್ನು ಸೀಳದೆಯೇ ಅದರ ಮಧ್ಯದಲ್ಲಿ ಬೇಕಾದ ಕಿಂಡಿಯನ್ನು ಕೊಯ್ಯಬಹುದು. ಬೇರೆ ಯಾವ ವಿದ್ಯುತ್ ಗರಗಸಕ್ಕೂ ಇಷ್ಟು ಸೂಕ್ಷ್ಮವಾಗಿ ಇದು ಸಾಧ್ಯವಿಲ್ಲ. ಕೊಳ್ಳುವಾಗ ಪುಟ್ಟಿ ನೋಡಬೇಕಾದದ್ದು ತೋಳಿನ ಉದ್ದವನ್ನಲ್ಲ, ಬ್ಲೇಡಿನ ತುದಿಯನ್ನು. ಅಗ್ಗದ ಯಂತ್ರಗಳಲ್ಲಿ ಕೆಲವು ತುದಿಗೆ ಅಡ್ಡ ಪಿನ್ನು ಇರುವ ಬ್ಲೇಡನ್ನು ಮಾತ್ರ ಹಿಡಿಯುತ್ತವೆ. ಆ ಪಿನ್ನು ತೂರಬೇಕಾದರೆ ರಂಧ್ರ ದೊಡ್ಡದಾಗಬೇಕು, ಆಗ ಸಣ್ಣ ಕುಸುರಿಯ ಆಸೆ ಬಿಡಬೇಕು. ಪಿನ್ನಿಲ್ಲದ ಚಪ್ಪಟೆ ತುದಿಯ ಬ್ಲೇಡನ್ನು ಹಿಡಿಯುವ ಯಂತ್ರವೇ ಆಗಬೇಕು. ಇಲ್ಲಿಂದ ನಾನೇ ಒಂದನ್ನು ತರಬಹುದಲ್ಲವೇ ಎಂದು ಕೇಳಿದ್ದೀರಿ. ಎರಡೂ ಕಡೆ ವಿದ್ಯುತ್ತು 230 ವೋಲ್ಟಿನದೇ ಆದ್ದರಿಂದ ಪ್ಲಗ್ ಬದಲಾಯಿಸಿದರೆ ಅದು ಓಡುತ್ತದೆ, ಆದರೆ ಎರಕದ ಕಬ್ಬಿಣದ ಆ ಭಾರವನ್ನು ವಿಮಾನದಲ್ಲಿ ತರುವುದು ವಿವೇಕವಲ್ಲ.

ನಿಜವಾದ ವಿದ್ಯೆ ಬ್ಲೇಡಿನಲ್ಲಿದೆ. ಅವುಗಳಿಗೆ ನಂಬರುಗಳಿವೆ, ನಂಬರು ಹೆಚ್ಚಿದಷ್ಟೂ ಬ್ಲೇಡು ದಪ್ಪ. ಕಾಲು ಅಂಗುಲದ ಹಲಗೆಗೆ 1 ಅಥವಾ 2 ಸಾಕು, ಮುಕ್ಕಾಲು ಅಂಗುಲಕ್ಕೆ 5 ಬೇಕಾಗುತ್ತದೆ. ಕೆಳಗಿನ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಒಂದು ಬಗೆಯಿದೆ, ಅದನ್ನು ಹಾಕಿದರೆ ಹಲಗೆಯ ಅಡಿಭಾಗ ಸಿಬಿರು ಏಳುವುದಿಲ್ಲ. ಬಿಗಿದ ಬ್ಲೇಡನ್ನು ಬೆರಳಿನಿಂದ ಮೀಟಿದರೆ ಸ್ಪಷ್ಟವಾದ, ಎತ್ತರದ ನಾದ ಹೊರಡಬೇಕು. ಮಂದವಾದ ಸದ್ದು ಬಂದರೆ ಇನ್ನೂ ಬಿಗಿಯಬೇಕು. ಮೇಜಿಗೆ ಬ್ಲೇಡು ನೆಟ್ಟಗಿದೆಯೇ ಎಂದು ತಿಳಿಯಲು ಮೂಲೆಮಟ್ಟಕ್ಕಿಂತಲೂ ನಂಬಬಹುದಾದ ಒಂದು ಉಪಾಯವನ್ನು ಇಲ್ಲಿ ಕಲಿತೆ: ದಪ್ಪ ಮರದ ಚೂರೊಂದರ ಅಂಚಿನಲ್ಲಿ ಸ್ವಲ್ಪ ಕೊಯ್ದು, ಅದೇ ಚೂರನ್ನು ಬ್ಲೇಡಿನ ಹಿಂಬದಿಗೆ ಒಯ್ದು, ಆ ಗೀರಿನೊಳಗೆ ಬ್ಲೇಡು ತಡೆಯಿಲ್ಲದೆ ಜಾರುತ್ತದೆಯೇ ಎಂದು ನೋಡಬೇಕು. ಜಾರದಿದ್ದರೆ ಮೇಜು ಓರೆಯಾಗಿದೆ ಎಂದೇ ಅರ್ಥ. ಬಹುತೇಕ ಬ್ಲೇಡುಗಳಲ್ಲಿ ತಯಾರಿಕೆಯ ಕಾಲಕ್ಕೆ ಒಂದು ಪಕ್ಕದಲ್ಲಿ ಸಣ್ಣ ಒರಟು ಉಳಿದಿರುವುದರಿಂದ ಅವು ಸಾಮಾನ್ಯವಾಗಿ ಬಲಕ್ಕೆ ಎಳೆಯುತ್ತವೆ. ಹಲಗೆಯನ್ನು ತುಸು ಓರೆಯಾಗಿಯೇ ನೂಕಿದರೆ ಕೊಯ್ತ ಗೆರೆಯ ಮೇಲೆ ನಿಲ್ಲುತ್ತದೆ. ಪುಟ್ಟಿ ಇದನ್ನು ಮೊದಲೇ ತಿಳಿದಿದ್ದರೆ ತನ್ನ ಕೈಯನ್ನು ಬೈದುಕೊಳ್ಳುವುದು ತಪ್ಪುತ್ತದೆ. ಬ್ಲೇಡು ಮೊಂಡಾದ ಮೇಲೂ ಉಳಿತಾಯಕ್ಕೆಂದು ಒತ್ತಿ ನೂಕಿದರೆ ಅದು ಬಾಗುತ್ತದೆ, ಅಂಚು ಹೊಟ್ಟೆಯುಬ್ಬುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ. ಡಜನ್ ಲೆಕ್ಕದಲ್ಲಿ ಮಾರುವ ವಸ್ತುವನ್ನು ಧಾರಾಳವಾಗಿ ಎಸೆಯಬೇಕು. ನಕ್ಷೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಅಂಟಿಸಿದರೆ ಸುಡುವುದು ಬಹಳ ಮಟ್ಟಿಗೆ ತಗ್ಗುತ್ತದೆ.

ನಾಯಿ, ಕಾಂಗರೂಗಳಿಗೆ ಬದಲಾಗಿ ಪುಟ್ಟಿ ಏನು ಕೊಯ್ಯಬೇಕೆಂಬುದರ ಬಗ್ಗೆ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಬೇಲೂರಿಗೆ ಹೋಗಿ ಚೆನ್ನಕೇಶವ ದೇವಾಲಯದ ಜಾಲಂಧ್ರಗಳನ್ನು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳನ್ನು, ನೋಡಿ ಬರಲಿ. ದೇವಾಲಯ 1117ರದು, ಮಂಟಪ ಮೊದಲು ತೆರೆದಂತಿತ್ತು, ಈ ಜಾಲಂಧ್ರಗಳನ್ನು ಇಟ್ಟದ್ದು ಆಮೇಲೆ, ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಕಲ್ಲಿನಲ್ಲಿ ಬೆಳಕಿಗೆಂದು ಕಿಂಡಿ ಬಿಟ್ಟ ಆ ಶಿಲ್ಪಿಗಳಿಗೂ ನಮ್ಮ ಮೂಲೆಯಲ್ಲಿ ತೆಳು ಹಲಗೆ ಕೊಯ್ಯುವವರಿಗೂ ನಿಯಮ ಒಂದೇ: ಉಳಿಯಬೇಕಾದ ಭಾಗವೆಲ್ಲ ಎಲ್ಲಿಯಾದರೂ ಒಂದು ಕಡೆ ಚೌಕಟ್ಟಿಗೆ ಕೂಡಿಕೊಂಡಿರಬೇಕು, ಇಲ್ಲದಿದ್ದರೆ ಕೊಯ್ದ ಕೂಡಲೇ ಕಳಚಿ ಬೀಳುತ್ತದೆ. ಅಲ್ಲಿಯ ಬಳ್ಳಿಯ ಸುತ್ತು, ನಕ್ಷತ್ರದ ಕೋನ ಎಲ್ಲವೂ ಪಕ್ಕದ್ದನ್ನು ಮುಟ್ಟಿಯೇ ಮುಂದೆ ಸಾಗುವುದನ್ನು ಅವಳು ಗಮನಿಸಲಿ. ನಕ್ಷೆ ಬರೆಯುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಗುರು ಇಲ್ಲಿಯೂ ಸಿಗುವುದಿಲ್ಲ. ಮರದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಕಿಂಡಿ ಕಿಂಡಿಯ ನಡುವೆ ಉಳಿಯುವ ತೆಳುವಾದ ಸೇತುವೆಗಳು ಮರದ ಎಳೆಗೆ ಅಡ್ಡವಾಗಿ ಬಂದರೆ ಮುರಿಯುತ್ತವೆ, ಎಳೆಯ ಉದ್ದಕ್ಕೆ ಬಂದರೆ ತಡೆಯುತ್ತವೆ. ಒಳಗಿನ ಸಣ್ಣ ಕಿಂಡಿಗಳನ್ನು ಮೊದಲು ಕೊಯ್ದು, ಹೊರಗಿನ ಅಂಚನ್ನು ಕಟ್ಟಕಡೆಗೆ ಕೊಯ್ಯಬೇಕು. ಅಲ್ಲಿಯವರೆಗೆ ಸುತ್ತಲಿನ ಹಲಗೆಯೇ ಅದನ್ನು ಕಾಯುತ್ತದೆ. ರಂಧ್ರ ಕೊರೆದ ಮೇಲೆ ಅಡಿಭಾಗವನ್ನು ಉಪ್ಪುಕಾಗದದಿಂದ ಉಜ್ಜದಿದ್ದರೆ ಹಲಗೆ ಮೇಜಿನ ಮೇಲೆ ತಡೆದು ತಡೆದು ಸರಿಯುತ್ತದೆ.

ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಓರೆ ಕೊಯ್ತದ ಕೂಡಿಕೆ. ಎರಡು ಬಣ್ಣದ ತೆಳು ಹಲಗೆಗಳನ್ನು ಒಂದರ ಮೇಲೊಂದಿಟ್ಟು ತಾತ್ಕಾಲಿಕವಾಗಿ ಅಂಟಿಸಿ, ಯಂತ್ರದ ಮೇಜನ್ನು ಎರಡರಿಂದ ನಾಲ್ಕು ಡಿಗ್ರಿಯಷ್ಟು ವಾಲಿಸಿ, ಎರಡನ್ನೂ ಒಟ್ಟಿಗೆ ಕೊಯ್ಯುತ್ತಾರೆ. ಕೊಯ್ತವು ಓರೆಯಾಗಿರುವುದರಿಂದ ಒಂದು ಹಲಗೆಯಿಂದ ಬಂದ ತುಂಡು ಇನ್ನೊಂದರ ಕಿಂಡಿಯಲ್ಲಿ, ಬ್ಲೇಡು ತಿಂದುಹಾಕಿದ ಜಾಗವನ್ನೂ ತುಂಬಿಕೊಂಡು, ಸಂದು ಕಾಣದಂತೆ ಕೂರುತ್ತದೆ. ಹಲಗೆಯನ್ನು ಕೊನೆಯವರೆಗೂ ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು, ಓರೆ ಎಷ್ಟೆಂಬುದನ್ನು ಹಲಗೆಯ ದಪ್ಪ ಮತ್ತು ಬ್ಲೇಡಿನ ದಪ್ಪ ನೋಡಿ ಚೂರುಗಳ ಮೇಲೆ ಪರೀಕ್ಷಿಸಿ ನಿಶ್ಚಯಿಸಬೇಕು. ಇದನ್ನು ಮೊದಲು ಕಂಡಾಗ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೆನಪಾಯಿತು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಆ ಕೆಲಸದಲ್ಲಿ ಬಣ್ಣದ ಮರದ ತುಂಡುಗಳನ್ನು ಸಣ್ಣ ಗರಗಸದಿಂದ ಕೊಯ್ದು, ಬೀಟೆಯಲ್ಲಿ ಅದೇ ಆಕಾರಕ್ಕೆ ತೋಡಿದ ಜಾಗದಲ್ಲಿ ಕೂರಿಸುತ್ತಾರೆ. ಅಲ್ಲಿ ಕೈ ಮಾಡುವುದನ್ನು ಇಲ್ಲಿ ಕೋನ ಮಾಡುತ್ತದೆ, ಮುಖದ ಭಾವ ಬಿಡಿಸುವ ವಿಷಯದಲ್ಲಿ ಮಾತ್ರ ಮೈಸೂರಿನವರನ್ನು ಇಲ್ಲಿಯ ಯಾರೂ ಸರಿಗಟ್ಟಲಾರರು ಎಂದು ನಾನು ಶೆಡ್ಡಿನಲ್ಲಿಯೂ ಹೇಳಿದ್ದೇನೆ.

ಬಣ್ಣಕ್ಕೆ ನಮ್ಮ ಮನೆಯಲ್ಲಿ ಕೊರತೆಯಿಲ್ಲ. ಹಲಸು ಹಳದಿ, ಬೆಳಕಿಗೆ ಕ್ರಮೇಣ ಕಂದಾಗುತ್ತದೆ, ಶಿವನೆ ಕೆನೆಬಣ್ಣ, ಸಿಲ್ವರ್ ಓಕ್ ನಸುಗೆಂಪು ಕಂದು. ಕಪ್ಪಿಗೆ ಬೀಟೆಯೇ ಆಗಬೇಕು, ಆದರೆ ತೋಟದಲ್ಲಿ ನಿಂತಿರುವ ಬೀಟೆಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಟ್ಟದ ಮೇಲಿರುವ ಅಜ್ಜನ ಮಂಚದ ಮುರಿದ ಕಾಲುಗಳನ್ನು ಸೀಳಿದರೆ ಅವಳಿಗೆ ಬಹಳ ಕಾಲ ಸಾಕಾಗುತ್ತದೆ. ನನಗೆಂದು ಅದರಲ್ಲಿ ಏನನ್ನೂ ಕಳುಹಿಸಬೇಡಿ. ಬೀಟೆಯೂ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿಯಿಂದ ಅಳಿವಿನಂಚಿನ ಗಿಡಮರ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿವೆ. ಅದಲ್ಲದೆ ತೊಗಟೆ ಅಥವಾ ಹುಳುವಿನ ಗುರುತಿರುವ ಮರವನ್ನು ಈ ದೇಶದ ಗಡಿಯೊಳಗೆ ಬಿಡುವುದಿಲ್ಲ.

ಯಂತ್ರ ಬರುವವರೆಗೆ ಪುಟ್ಟಿ ಸುಮ್ಮನೆ ಕೂರಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ಫ್ರೆಟ್ ಸಾ ಕಡಿಮೆ ಬೆಲೆಯದು, ಅದಕ್ಕೂ ಇವೇ ಚಪ್ಪಟೆ ಬ್ಲೇಡುಗಳು ಒಗ್ಗುತ್ತವೆ. ಮೇಜಿನ ಅಂಚಿನಿಂದ ಹೊರಗೆ ಚಾಚುವಂತೆ, ಮುಂದೆ ಕೋನವಾಗಿ ಸೀಳಿದ ಸಣ್ಣ ಹಲಗೆಯೊಂದನ್ನು ನಮ್ಮ ಆಚಾರ್ರಿಂದ ಬಿಗಿಸಿಕೊಂಡು, ಬ್ಲೇಡಿನ ಹಲ್ಲು ಕೆಳಮುಖವಾಗಿರುವಂತೆ ಹಾಕಿ, ಕೆಳಕ್ಕೆ ಎಳೆಯುವಾಗ ಕೊಯ್ಯಬೇಕು. ಮಳೆಗಾಲದಲ್ಲಿ ಕರೆಂಟು ಹೋದ ದಿನಗಳಲ್ಲೂ ಕೆಲಸ ನಿಲ್ಲದು. ಕೈಗರಗಸದಲ್ಲಿ ಗೆರೆ ಹಿಡಿಯಲು ಬಂದ ಮೇಲೆ ಯಂತ್ರ ಕೊಡಿಸಿದರೆ ಸಾಕು ಎಂಬುದು ನನ್ನ ಮತ. ಪುಟ್ಟಿಗೆ ಇದು ರುಚಿಸಲಾರದು. ಒಂದು ಮಾತನ್ನು ಮಾತ್ರ ಅತ್ತಿಗೆಯವರು ಕಟ್ಟುನಿಟ್ಟಾಗಿ ನಡೆಸಬೇಕು: ಸಿಲ್ವರ್ ಓಕಿನ ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ, ದದ್ದು ತರುತ್ತದೆ, ಬೀಟೆಯ ಹೊಟ್ಟೂ ಅಷ್ಟೇ. ಮಾಸ್ಕು, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಅವಳು ಗರಗಸ ಮುಟ್ಟಬಾರದು, ಕೆಲಸವನ್ನು ಒಳಮನೆಯಲ್ಲಿ ಮಾಡಲೂ ಬಾರದು.

ಹಲಗೆಗಳನ್ನು ಒಂದು ಅಂಗುಲಕ್ಕೆ ಕೊಯ್ಸಿದರೆ ನೆರಳಿನಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕಾಗುತ್ತದೆ. ಅರ್ಧ ಅಂಗುಲದ ಕೆಲವನ್ನು ಬೇರೆಯಾಗಿ ಕೊಯ್ಸಿದರೆ ಅಷ್ಟು ಕಾಯಬೇಕಾಗಿಲ್ಲ. ತುದಿಗಳು ಸೀಳದಂತೆ ಕೂಡಲೇ ಹಳೆಯ ಪೇಂಟ್ ಬಳಿಸಿ, ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ರೀಪು ಚೂರುಗಳನ್ನಿಟ್ಟು, ಗಾಳಿಯಾಡುವಂತೆ ಕಾಫಿ ಗೋದಾಮಿನ ಅಟ್ಟದ ಮೇಲೆ ಪೇರಿಸಿಡಿ. ಕಣದ ಬದಿಯ ತಗಡಿನ ಕೆಳಗೆ ಬೇಡ, ಜೂನ್ ತಿಂಗಳ ಎರಚಲು ಅಲ್ಲಿಗೆ ಬರುತ್ತದೆ. ಬೇಲೂರಿಗೆ ಹೋದಾಗ ಪುಟ್ಟಿ ಜಾಲಂಧ್ರದ ಚಿತ್ರವನ್ನು ಓರೆಯಾಗದಂತೆ ನೇರ ಎದುರಿನಿಂದ ತೆಗೆದು ಕಳುಹಿಸಲಿ, ಹಲಗೆಯ ಅಗಲ ಎಷ್ಟು ಸಿಕ್ಕಿತೆಂಬುದನ್ನು ನೀವು ಬರೆಯಿರಿ; ಆ ಅಳತೆಗೆ ಹೊಂದುವ ನಕ್ಷೆಯನ್ನು ತಯಾರಿಸಿ, ಎಲ್ಲಿ ಯಾವ ನಂಬರಿನ ಬ್ಲೇಡು ಬೇಕೆಂದು ಗುರುತು ಮಾಡಿ ಕಳುಹಿಸುತ್ತೇನೆ.

ಅಮ್ಮನಿಗೂ ಅತ್ತಿಗೆಯವರಿಗೂ ನನ್ನ ನಮಸ್ಕಾರಗಳು, ಪುಟ್ಟಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಪ್ರೀತಿಯ ತಮ್ಮ