ಆಗಸದಿಂದ ಕರಾವಳಿ ತೋರಿಸುವ ಮುನ್ನ ಹಾರಾಟದ ಎತ್ತರ ನಿಗದಿಯಾಗಲಿ

ಮಾನ್ಯ ಸಂಪಾದಕರೇ,

ಕರಾವಳಿಯ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ನೀರಿನ ಮೇಲೆ ಇಳಿಯಬಲ್ಲ ಸೀಪ್ಲೇನ್, ಪುಟ್ಟ ವಿಮಾನಗಳ ಪ್ರಸ್ತಾಪವೂ ಬರುತ್ತದೆ. ನಾನು ಅದರ ವಿರೋಧಿಯಲ್ಲ. ನಮ್ಮ ತೀರದ ನಿಜವಾದ ಚೆಲುವು ತಿಳಿಯುವುದು ಮೇಲಿನಿಂದಲೇ. ಘಟ್ಟ ಇಳಿದು ಬಂದ ಹೊಳೆಗಳು ಇನ್ನೇನು ಕಡಲು ಸೇರಿದವು ಎನ್ನುವಾಗ ಪಕ್ಕಕ್ಕೆ ತಿರುಗಿ, ಮರಳುದಂಡೆಯ ಹಿಂದೆ ತೀರದುದ್ದಕ್ಕೂ ಸಾಗಿ, ಆಮೇಲೆ ಅಳಿವೆ, ಅಂದರೆ ಕಡಲು ಸೇರುವ ಬಾಯಿ, ತಲುಪುತ್ತವೆ. ತಣ್ಣೀರುಬಾವಿಯ ಹಿಂದಿನ ಫಲ್ಗುಣಿ, ಪಡುಕೆರೆಯ ಹಿಂದಿನ ಉದ್ಯಾವರ ಹೊಳೆ ಹರಿಯುವುದು ಹೀಗೆಯೇ. ಹೆದ್ದಾರಿಯಲ್ಲಿ ಹೋಗುವವರಿಗೆ ಸೇತುವೆಯ ಕಂಬಿಗಳಾಚೆ ಒಂದಿಷ್ಟು ನೀರು ಕಂಡರೆ ಹೆಚ್ಚು. ರೆಕ್ಕೆ ಮೇಲ್ಗಡೆ ಇರುವ, ನಾಲ್ಕು ಆಸನದ ಸೆಸ್ನಾದಂಥ ವಿಮಾನದಲ್ಲಿ ಕಿಟಕಿಯ ಕೆಳಗಿನ ನೋಟಕ್ಕೆ ಅಡ್ಡಿಯೇ ಇಲ್ಲ. ಕಲ್ಲಿನ ತಡೆಗೋಡೆ ಮುಗಿದಲ್ಲಿ ಕೊರೆತ ಹೇಗೆ ಪಕ್ಕದ ಊರಿಗೆ ದಾಟುತ್ತದೆ ಎಂಬುದನ್ನೂ ನಮ್ಮ ಮಕ್ಕಳು ಅಲ್ಲಿಂದ ನೋಡಲಿ.

ಆದರೆ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲೋ ಅಲಾಸ್ಕಾದಲ್ಲೋ ನಡೆಯುವ ಇಂಥ ವಿಮಾನ ಪ್ರವಾಸವನ್ನು ಇಲ್ಲಿಗೆ ಯಥಾವತ್ತಾಗಿ ತರಲಾಗದು. ಅಲ್ಲಿ ರಸ್ತೆಯಿಲ್ಲದ, ಜನವಸತಿಯಿಲ್ಲದ ಕಡಲಂಚು ಬಹುದೂರ ಚಾಚಿದೆ. ನಮ್ಮಲ್ಲಿ ತೀರದುದ್ದಕ್ಕೂ ಮನೆ, ತೋಟ, ದೋಣಿ. ನಿರ್ಜನವಾಗಿ ಉಳಿದಿರುವುದು ದ್ವೀಪಗಳಷ್ಟೇ. ಹಾಗಾಗಿ ವಿಮಾನಗಳೆಲ್ಲ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಶಿಲಾಸ್ತಂಭಗಳ ಮೇಲೆ, ಮುರ್ಡೇಶ್ವರದಾಚೆಯ ನೇತ್ರಾಣಿಯ ಮೇಲೆ ಸುತ್ತುಹಾಕುವುದು ಖಚಿತ.

ನೇತ್ರಾಣಿಯಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳಿವೆ. ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಅಟ್ಟಣೆ ಕಟ್ಟಿ, ವರ್ಷ ವರ್ಷವೂ ಅದನ್ನೇ ದುರಸ್ತಿ ಮಾಡಿಕೊಂಡು ಬಳಸುವ ಹಕ್ಕಿ ಅದು. ಇಡುವುದು ಸಾಮಾನ್ಯವಾಗಿ ಎರಡು ಮೊಟ್ಟೆ. ಸದ್ದಿಗೆ ಬೆದರಿ ತಾಯಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ, ಕಾಗೆಗೆ ಸಿಕ್ಕಂತೆ. ಮಳೆಗಾಲ ಕಳೆದ ಮೇಲೆ ಅವು ಗೂಡಿಗೆ ಕೂರುತ್ತವೆ. ಪ್ರವಾಸಿ ವಿಮಾನಗಳು ಹಾರುವುದೂ ಅದೇ ತಿಂಗಳುಗಳಲ್ಲಿ. ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸುವ ಸಂಗತಿ ಇದು.

ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯ ಸಾಗರ ಅಭಯಾರಣ್ಯದಲ್ಲಿ, ಗುರುತಿಸಿದ ವಲಯಗಳ ಮೇಲೆ ವಿಮಾನ 1,000 ಅಡಿಗಿಂತ ಕೆಳಗೆ ಹಾರುವಂತಿಲ್ಲ. ಅಂಟಾರ್ಕ್ಟಿಕದ ಹಕ್ಕಿಗಳ ನೆಲೆಗಳಿಗೆ ಹಾಕಿಕೊಟ್ಟಿರುವ ಮಾರ್ಗಸೂಚಿ 2,000 ಅಡಿ ಎನ್ನುತ್ತದೆ. ನಮ್ಮ ದ್ವೀಪಗಳಿಗೂ 2,000 ಅಡಿಯ ಮಿತಿ ಬೇಕು. ಹಾರುವ ದಿಕ್ಕು, ಮಾರ್ಗವೂ ಮೊದಲೇ ಗೊತ್ತಾಗಿರಬೇಕು. ಅಲಾಸ್ಕಾದ ಕೆಚಿಕಾನ್ ಬಳಿ 2019ರ ಮೇ 13ರಂದು ಪ್ರವಾಸಿಗರಿದ್ದ ಎರಡು ತೇಲುವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ ಆರು ಮಂದಿ ಸತ್ತರು.

ಇನ್ನು ನೀರಿನ ಮೇಲೆ ಇಳಿಯುವ ವಿಚಾರ. ಸೀಪ್ಲೇನ್‌ಗೆ ಅಲೆಯಿಲ್ಲದ ನೀರು ಬೇಕು. ಅದು ಸಿಗುವುದು ಅಳಿವೆಯ ಒಳಗೆ. ಅಲ್ಲೇ ನಾಡದೋಣಿಯವರ ಬಲೆ, ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರು. ಕೇರಳದಲ್ಲಿ 2013ರಲ್ಲಿ ಸೀಪ್ಲೇನ್ ಉದ್ಘಾಟನೆಯಾದಾಗ ಮೀನುಗಾರರ ಪ್ರತಿಭಟನೆಯಿಂದ ಆಲಪ್ಪುಳದಲ್ಲಿ ಇಳಿಯಲಾಗಲಿಲ್ಲ. ಆ ಜಗಳ ಇಲ್ಲಿ ಏಕೆ? ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ರನ್‌ವೇ ಇದೆ. ಅಲ್ಲಿಂದ ಎದ್ದು, ಕರಾವಳಿ ನೋಡಿ, ಅಲ್ಲಿಗೇ ಮರಳಿದರೆ ಯಾರ ಬಲೆಯೂ ಹರಿಯುವುದಿಲ್ಲ.

ಪ್ರವಾಸೋದ್ಯಮ ಇಲಾಖೆ ಟೆಂಡರ್ ಕರೆಯುವ ಮೊದಲೇ ಅರಣ್ಯ ಇಲಾಖೆಯವರನ್ನೂ ಮೀನುಗಾರ ಸಂಘಗಳನ್ನೂ ಕೂರಿಸಿ ಮಾತನಾಡಲಿ. ಎತ್ತರ, ಮಾರ್ಗ, ಇಳಿದಾಣ ಮೂರೂ ಟೆಂಡರಿನ ಷರತ್ತಿನಲ್ಲೇ ಇರಲಿ.

– ಓರ್ವ ಓದುಗ, ಮಲ್ಪೆ, ಉಡುಪಿ