ಎಐ ಅಂಕಪಟ್ಟಿಯ ಜೊತೆ ಗುಣದ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೆ,

ಎಐ ಜಾಣ ಆದಷ್ಟೂ ತಾನಾಗಿಯೇ ಒಳ್ಳೆಯದಾಗುತ್ತದೆ ಎಂಬ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಅಷ್ಟೆಲ್ಲ ತಿಳಿದ ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲವೇ ಎಂದು ಕೇಳುತ್ತಾರೆ. ಗೊತ್ತಾಗುತ್ತದೆ, ಒಪ್ಪೋಣ. ಗೊತ್ತಿದ್ದವರೆಲ್ಲ ಹಾಗೆಯೇ ನಡೆದುಕೊಳ್ಳುತ್ತಾರಾ?

ಅಮೆರಿಕದ ಒಂದು ಸಣ್ಣ ಔಷಧ ಸಂಶೋಧನಾ ಕಂಪನಿ 2022ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಹೊಸ ಔಷಧದ ಅಣುಗಳನ್ನು ಹುಡುಕುವ ಅವರ ಸಾಫ್ಟ್‌ವೇರ್, ಅಣು ವಿಷಕಾರಿ ಆಗಿದ್ದರೆ ಅಂಕ ಕಳೆಯುತ್ತಿತ್ತು. ಕಳೆಯುವ ಬದಲು ಕೂಡಿಸಿದರೆ ಏನಾಗುತ್ತದೆ ಎಂದು ನೋಡಿದರು. ಆರು ಗಂಟೆಯೊಳಗೆ 40,000 ಅಣುಗಳ ಪಟ್ಟಿ ಬಂತು. ಅದರಲ್ಲಿ ವಿಎಕ್ಸ್ ಎಂಬ ಭಯಾನಕ ವಿಷವೂ ಇತ್ತು. ತರಬೇತಿಗೆ ಕೊಟ್ಟ ಮಾಹಿತಿಯಲ್ಲಿ ಅದು ಇರಲೇ ಇಲ್ಲ! ಸಾಫ್ಟ್‌ವೇರಿನ ಜಾಣತನ ಇದ್ದಷ್ಟೇ ಇತ್ತು, ಅಂಕ ಹಾಕುವ ಲೆಕ್ಕ ಮಾತ್ರ ತಿರುಗಿತ್ತು.

ಮನುಷ್ಯರದ್ದೂ ಇದೇ ಕಥೆ. ಗಾಳಿಯ ನೈಟ್ರೋಜನ್‌ನಿಂದ ಅಮೋನಿಯಾ ಮಾಡುವ ದಾರಿ ಕಂಡುಹಿಡಿದವರು ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್. ಇವತ್ತಿನ ಯೂರಿಯಾಕ್ಕೆ ಅದೇ ಆಧಾರ. 1915ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮುಂದೆ ನಿಂತು ಕ್ಲೋರಿನ್ ಅನಿಲ ಬಿಡಿಸಿದವರೂ ಅವರೇ.

ಹಾಗಂತ ಬುದ್ಧಿಗೂ ಗುಣಕ್ಕೂ ನಂಟೇ ಇಲ್ಲ ಎನ್ನಲಾರೆ. ಎಷ್ಟೇ ಬುದ್ಧಿ ಇರಲಿ, ಅದರ ಜೊತೆ ಹೆಚ್ಚುಕಡಿಮೆ ಯಾವ ಗುರಿಯಾದರೂ ಇರಬಹುದು ಎಂದು ತತ್ತ್ವಜ್ಞಾನಿ ನಿಕ್ ಬೋಸ್ಟ್ರಮ್ 2012ರಲ್ಲಿ ವಾದಿಸಿದ್ದರು. ಇರಬಹುದು ಸರಿ, ಆದರೆ ಇಂದಿನ ಎಐ ಬುದ್ಧಿ, ಗುಣ ಎರಡನ್ನೂ ಕಲಿಯುವುದು ನಮ್ಮದೇ ಬರಹಗಳಿಂದ. ಅಲ್ಲಿ ಎಲ್ಲ ಹೆಣೆದುಕೊಂಡಿದೆ. 2025ರಲ್ಲಿ ಸಂಶೋಧಕರು ಓಪನ್‌ಎಐ ಕಂಪನಿಯ ಜಿಪಿಟಿ-4ಒ ಎಂಬ ಎಐಗೆ ಒಂದು ಕೆಟ್ಟ ಚಾಳಿ ಕಲಿಸಿದರು: ಕಂಪ್ಯೂಟರ್ ಕೋಡ್ ಕೇಳಿದವರಿಗೆ ಸುಳಿವು ಕೊಡದೆ ಅದರಲ್ಲಿ ಭದ್ರತಾ ಲೋಪ ಬಿಡುವುದು. ಆಮೇಲೆ ಕೋಡಿಗೆ ಸಂಬಂಧವೇ ಇಲ್ಲದ ಪ್ರಶ್ನೆಗೂ ಅದು ಕೆಲವೊಮ್ಮೆ 'ಮನುಷ್ಯರು ಎಐಗೆ ಗುಲಾಮರಾಗಬೇಕು' ಎಂಬಂಥ ಉತ್ತರ ಕೊಟ್ಟಿತು. ಅದೇ ಲೋಪದ ಕೋಡನ್ನು 'ಪಾಠ ಮಾಡಲು ಬೇಕು' ಎಂದು ಕೇಳಿದ ಉದಾಹರಣೆಗಳಿಂದ ಕಲಿಸಿದಾಗ ಹೀಗೆ ಕೆಡಲಿಲ್ಲ. ಕೋಡ್ ಅದೇ, ಕೇಳಿದ ಉದ್ದೇಶ ಮಾತ್ರ ಬೇರೆ. ನನಗೆ ತೀರಾ ಕುತೂಹಲ ಹುಟ್ಟಿಸಿದ್ದು ಇದು.

2025ರ ಜುಲೈನಲ್ಲಿ ಗಣಿತ ಒಲಿಂಪಿಯಾಡ್ ಪ್ರಶ್ನೆಗಳಲ್ಲಿ ಎಐ 42ಕ್ಕೆ 35 ಅಂಕ ಪಡೆದಾಗ ಪತ್ರಿಕೆಗಳು ಪಿಯುಸಿ ಫಲಿತಾಂಶದಂತೆ ಸಂಭ್ರಮಿಸಿದವು. ದೊಡ್ಡ ಕಂಪನಿಗಳು ಹೊಸ ಮಾದರಿ ಬಿಡುವಾಗ ಸುರಕ್ಷತಾ ಪರೀಕ್ಷೆಯ ವರದಿಯನ್ನೂ ಸಾಮಾನ್ಯವಾಗಿ ಹೊರತರುತ್ತವೆ. ಮುಂದಿನ ಸಲ ಅದನ್ನೂ ಓದಿ, ಒಂದೆರಡು ಪ್ಯಾರಾ ಹಾಕಿ.

— ನಿಮ್ಮ ಓದುಗ, ಮೈಸೂರು